ಬಿಡುವಿನ ಲೆಕ್ಕ: ಕಡಲು ಮಂಜೂರು ಮಾಡುವ ರಜೆ

ಪ್ರವಾಸಕ್ಕೆ ಹೊರಡುವ ಸಂಸಾರಸ್ಥನಿಗೆ ‘ಸೀಸನ್’ ಎಂಬುದಕ್ಕಿಂತ ದೊಡ್ಡ ಶತ್ರು ಬೇರೊಂದಿಲ್ಲ. ಸೀಸನ್ನಿನಲ್ಲಿ ಹೋದರೆ ವಸತಿಗೃಹದ ಬಾಡಿಗೆ ಇಮ್ಮಡಿ, ರೈಲಿನಲ್ಲಿ ಸ್ಥಳವಿಲ್ಲ, ನೋಡಬೇಕೆಂದು ಹೋದದ್ದನ್ನು ಹತ್ತು ಜನರ ಬೆನ್ನಿನ ಸಂದಿಯಿಂದ ನೋಡಬೇಕು. ಆದ್ದರಿಂದ ತಿಂಗಳ ಸಂಬಳದ ನಮ್ಮಂಥವರಿಗೆ ಬಲ್ಲವರು ಹೇಳುವ ಉಪಾಯ ಒಂದೇ: ಜನ ಹೋಗದ ಕಾಲದಲ್ಲಿ ಹೋಗು. ಬೆಟ್ಟಕ್ಕೂ ಗುಡಿಗೂ ಈ ಉಪಾಯ ಸಲ್ಲುತ್ತದೆ. ದ್ವೀಪಕ್ಕೆ ಮಾತ್ರ ಇದನ್ನು ಕಣ್ಣುಮುಚ್ಚಿ ಅನ್ವಯಿಸಲಾಗದು. ಏಕೆಂಬುದೇ ಈ ಸಲದ ಲೆಕ್ಕ.

ನಮ್ಮ ಕಚೇರಿಯಲ್ಲಿ ದ್ವೀಪವೆಂದೊಡನೆ ಎಲ್ಲರೂ ಅಂಡಮಾನಿನ ಹೆಸರೆತ್ತುತ್ತಾರೆ. ನಮ್ಮ ಮನೆಯಲ್ಲಿ ಮಾತು ಎದ್ದಿರುವುದು ಅಷ್ಟು ದೂರದ್ದಲ್ಲ. ಉಡುಪಿಯ ಬಳಿ ಮಲ್ಪೆಯಿಂದ ಸುಮಾರು 6 ಕಿಲೋಮೀಟರು ಕಡಲೊಳಗಿರುವ ಸೇಂಟ್ ಮೇರೀಸ್ ದ್ವೀಪದ್ದು. ಆ ಕಡೆಯವರು ತೋನ್ಸೆಪಾರ್ ಎಂದೂ ಕರೆಯುವುದುಂಟು. ನಮ್ಮ ತಾಯಿಯವರು ಅಲ್ಲೇ ಹತ್ತಿರದ ಹಳ್ಳಿಯಲ್ಲಿದ್ದಾರೆ. ವಯಸ್ಸು ಎಪ್ಪತ್ತಕ್ಕೆ ಒಂದು ಕಡಿಮೆ. ದೆಹಲಿಯಲ್ಲಿ ಹುಟ್ಟಿ ಬೆಳೆಯುತ್ತಿರುವ ಮೊಮ್ಮಕ್ಕಳು ಮೊನ್ನೆ ಟೆಲಿಫೋನಿನಲ್ಲಿ, “ಅಜ್ಜಿ, ದ್ವೀಪ ಹೇಗಿದೆ?” ಎಂದು ಕೇಳಿದಾಗ ಅವರೆಂದರಂತೆ: “ನಾನು ಎಲ್ಲಿ ಕಂಡಿದ್ದೇನೆ ಮಕ್ಕಳೇ? ಅಲ್ಲಿಗೆ ಹೋಗುವವರೆಲ್ಲ ಪರವೂರಿನವರು!” ತಂದೆಯವರಿದ್ದಾಗ, ‘ಇಲ್ಲೇ ಇದೆಯಲ್ಲ, ನಾಳೆ ಹೋದರಾಯಿತು’ ಎನ್ನುತ್ತಲೇ ಮೂವತ್ತು ವರ್ಷ ಕಳೆಯಿತು. ಈಗ ತಾಯಿಯವರ ಮೊಣಕಾಲು ನೋವು. ಬರುವ ಬೇಸಗೆಯಲ್ಲಿ ಶಸ್ತ್ರಚಿಕಿತ್ಸೆಯಾಗಬೇಕೆಂದು ಡಾಕ್ಟರು ಹೇಳಿದ್ದಾರೆ. ಅದಾದಮೇಲೆ ದೋಣಿ ಹತ್ತುವ ಮಾತು ಯಾವಾಗಲೋ! ಹೀಗಾಗಿ ‘ನಾಳೆ’ ಎಂಬ ಪದವನ್ನು ಈ ಕಡತದಿಂದ ಹೊಡೆದುಹಾಕಿದ್ದೇವೆ.

ದೆಹಲಿಯ ಶಾಲೆಗಳಿಗೆ ಬೇಸಗೆ ರಜೆ ಬರುವುದು ಮೇ ನಡುವಿನಿಂದ ಜೂನ್ ಕೊನೆಯವರೆಗೆ. ಕಚೇರಿಯಲ್ಲೂ ಜೂನ್ ತಿಂಗಳ ರಜೆಗೆ ತಕರಾರಿಲ್ಲ. ಕರಾವಳಿಯಲ್ಲಿ ಆಗ ಮಳೆಗಾಲ. ಬಾಡಿಗೆ ಅಗ್ಗ, ಜನಸಂದಣಿ ಕಡಿಮೆ. ಎಲ್ಲವೂ ಸರಿ, ದೋಣಿಯೊಂದೇ ಇಲ್ಲ! ಮೇ ಉತ್ತರಾರ್ಧದಲ್ಲಿ ಕಡಲು ಕೆರಳತೊಡಗಿತೆಂದರೆ ದ್ವೀಪದ ದೋಣಿಗಳು ನಿಲ್ಲುತ್ತವೆ. ಮತ್ತೆ ಹೊರಡುವುದು ಮಳೆ ತಗ್ಗಿ ಸೆಪ್ಟೆಂಬರ್ ಅಥವಾ ಅಕ್ಟೋಬರ್ ಬಂದಮೇಲೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿದೆ. ಕಡಲನ್ನೇ ನಂಬಿ ಬಾಳುವ ಮೊಗವೀರರೇ ದೋಣಿಯನ್ನು ದಡಕ್ಕೆಳೆದು ಕುಳಿತಿರುವಾಗ, ನಾವು ಟಿಫಿನ್ ಡಬ್ಬಿ ಹಿಡಿದು ಹೊರಟರೆ ಕಡಲು ಕೇಳೀತೇ?

ಅಂದಮೇಲೆ, ವಾಚಕರೇ, ‘ಸೀಸನ್ ಅಲ್ಲದ ಕಾಲ’ ಎಂಬುದರಲ್ಲಿ ಎರಡು ಜಾತಿ. ಒಂದು, ಜನರು ಬಾರದ ಕಾಲ. ಅದು ನಮ್ಮ ಲಾಭ. ಇನ್ನೊಂದು, ಕಡಲು ಬಿಡದ ಕಾಲ. ಅಲ್ಲಿ ಚೌಕಾಸಿ ನಡೆಯದು. ನಮಗೆ ಬೇಕಾದದ್ದು ಕಡಲು ಒಪ್ಪಿದ ತಿಂಗಳಲ್ಲಿ ಜನರು ಮರೆತ ನಾಲ್ಕು ದಿನ.

ಅಂಥ ದಿನಗಳು ದೆಹಲಿಯವರಿಗೆ ಒಂದು ಕಡೆ ಸಿಕ್ಕುತ್ತವೆ. ಇಲ್ಲಿಯ ಶಾಲೆಗಳಿಗೆ ಚಳಿಯ ದೆಸೆಯಿಂದ ಜನವರಿಯ ಮೊದಲ ಪಕ್ಷದಲ್ಲಿ ರಜೆ. ಕರ್ನಾಟಕದ ಶಾಲೆಗಳು ಆಗ ನಡೆಯುತ್ತಿರುತ್ತವೆ. ಹೊಸ ವರ್ಷದ ಗದ್ದಲ ಮುಗಿದ ಮೇಲೆ ವಾರದ ನಡುವೆ, ಮಂಗಳವಾರವೋ ಬುಧವಾರವೋ ಹೋದರೆ ಕಡಲೂ ಶಾಂತ, ದ್ವೀಪವೂ ಶಾಂತ. ಬಹಳ ತಡಮಾಡಲೂ ಬಾರದು. ಸಂಕ್ರಾಂತಿಗೆ ಉಡುಪಿ ಮಠದಲ್ಲಿ ಸಪ್ತೋತ್ಸವ. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳಲ್ಲಿ, ಜನವರಿ 18ಕ್ಕೆ ಪರ್ಯಾಯ. ಆಗ ಊರಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಆದರೆ ಜನವರಿಗೆ ಬೇರೊಂದು ತೊಡಕು. 2017ರಿಂದ ಕೇಂದ್ರದ ಮುಂಗಡಪತ್ರ ಫೆಬ್ರವರಿ 1ರಂದೇ ಮಂಡನೆಯಾಗುತ್ತಿದೆ. ನಾನು ಕುಳಿತಿರುವುದು ಅಂಕಿ ಅಂಶ ಕೂಡಿಸುವ ವಿಭಾಗದಲ್ಲಿ. ಜೂನಿನಲ್ಲಿ ಮೇಲಧಿಕಾರಿಗಳು ಒಪ್ಪುತ್ತಾರೆ, ಕಡಲು ಒಪ್ಪದು. ಜನವರಿಯಲ್ಲಿ ಕಡಲು ಒಪ್ಪುತ್ತದೆ, ಮೇಲಧಿಕಾರಿಗಳು ಒಪ್ಪುವುದು ಕಷ್ಟ. ಇದಕ್ಕೆ ಮನೆಯಾಕೆ ಕ್ಯಾಲೆಂಡರ್ ಹಿಡಿದು ಪರಿಹಾರ ಹುಡುಕಿದಳು. ಶನಿವಾರ ಹೊರಟು ಮುಂದಿನ ವಾರದ ಭಾನುವಾರ ಹಿಂತಿರುಗಿದರೆ ಒಂಬತ್ತು ದಿನ. ಗಳಿಕೆ ರಜೆ ಮಾತ್ರ ಐದೇ ದಿನ. ಹದಿನೈದು ದಿನ ಕೇಳಿ ಬೈಸಿಕೊಳ್ಳುವುದಕ್ಕಿಂತ ಐದು ದಿನ ಕೇಳಿ ಪಡೆಯುವುದು ಜಾಣತನವಲ್ಲವೇ?

ರೈಲಿನ ವಿಚಾರ. ಹಜರತ್ ನಿಜಾಮುದ್ದೀನಿನಿಂದ ಬೆಳಗಿನ ಜಾವ ಹೊರಡುವ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ (ಹೆಸರಿನಲ್ಲೇ ದ್ವೀಪವಿದೆ!) ಕೊಂಕಣ ರೈಲುಮಾರ್ಗವಾಗಿ ಮರುದಿನ ರಾತ್ರಿಯ ಹೊತ್ತಿಗೆ ಉಡುಪಿ ಮುಟ್ಟಿಸುತ್ತದೆ. 1998ಕ್ಕೆ ಮುಂಚೆ ಈ ಮಾರ್ಗ ಪೂರ್ತಿಯಾಗಿರದಿದ್ದಾಗ ನಮ್ಮ ಹಿರಿಯರು ಸುತ್ತಿ ಬಳಸಿ ಪಟ್ಟ ಪಾಡು ಅವರಿಗೇ ಗೊತ್ತು. ಟಿಕೆಟ್ಟನ್ನು 60 ದಿನ ಮುಂಚಿತವಾಗಿ ಕಾಯ್ದಿರಿಸಬಹುದು. 2024ರ ನವೆಂಬರಿಗೆ ಮೊದಲು ಈ ಅವಧಿ 120 ದಿನವಿತ್ತು. ಜನವರಿಯ ಮಂಜಿನಲ್ಲಿ ದೆಹಲಿಯ ರೈಲುಗಳು ತಡವಾಗುವುದು ಹೊಸದಲ್ಲ. ಆದ್ದರಿಂದ ಸೋಮವಾರ ವಿಶ್ರಾಂತಿ, ಮಂಗಳವಾರ ದ್ವೀಪ, ಕಡಲು ಮುನಿದರೆ ಇರಲಿ ಎಂದು ಬುಧವಾರ ಖಾಲಿ. ದ್ವೀಪಕ್ಕೆ ಹೊರಡುವವರು ಇಂಥದೊಂದು ಖಾಲಿ ದಿನವನ್ನು ಇಟ್ಟುಕೊಳ್ಳಲೇಬೇಕು. ಜನ ಕಡಿಮೆಯಿರುವ ದಿನ ದೋಣಿಯವರು ಸಾಕಷ್ಟು ಮಂದಿ ಕೂಡುವವರೆಗೆ ಕಾಯಿಸುವುದೂ ಉಂಟು.

ರೈಲಿನ ವೆಚ್ಚ ಸ್ವಂತ ಊರಿನ ಎಲ್.ಟಿ.ಸಿ.ಯಲ್ಲಿ ಬರುತ್ತದೆ. ದೋಣಿಯ ಬಾಡಿಗೆ ನಮ್ಮದೇ. ಎಲ್.ಟಿ.ಸಿ. ಜೊತೆಗೆ 10 ದಿನದ ಗಳಿಕೆ ರಜೆಯನ್ನು ನಗದು ಮಾಡಿಕೊಳ್ಳುವ ಸೌಲಭ್ಯವಿರುವುದರಿಂದ ಆ ಚಿಂತೆಯೂ ದೊಡ್ಡದಲ್ಲ.

ಇಷ್ಟೆಲ್ಲ ಪಾಡು ಯಾತಕ್ಕೆ, ನೋಡಲು ಅಲ್ಲಿ ಏನಿದೆ ಎನ್ನುವಿರೋ? ಐದಾರು ಮುಖಗಳ ಕಲ್ಲಿನ ಕಂಬಗಳು, ಬಡಗಿ ಕೆತ್ತಿ ಜೋಡಿಸಿದಂತೆ ಒತ್ತೊತ್ತಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ, ಕುಗ್ಗಿ, ಸೀಳಿ ಹೀಗಾದದ್ದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿ ಇದೂ ಒಂದು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಹೆಸರಿಟ್ಟನೆಂದು ಪ್ರತೀತಿ. ಜನವಸತಿಯಿಲ್ಲ, ರಾತ್ರಿ ತಂಗುವಂತಿಲ್ಲ. ತೆಂಗಿನ ಮರಗಳ ನೆರಳುಂಟು. ಕಲ್ಲು ಜಾರುತ್ತದೆ, ಅಲೆಗೆ ಕರುಣೆಯಿಲ್ಲ; ಮಕ್ಕಳ ಕೈ ಬಿಡಬಾರದು. ಕೊಂಡುಹೋದ ಬಾಟಲಿ, ಪೊಟ್ಟಣಗಳನ್ನು ಹಿಂದಕ್ಕೆ ತರಬೇಕು.

ಜೂನಿನಲ್ಲೇ ಹೋಗಬೇಕಾದವರು ನಿರಾಶರಾಗಬೇಕಿಲ್ಲ. ನದಿಯ ನಡುವಿನ ನಡುಗಡ್ಡೆಗೆ ಆ ಕಡೆ ‘ಕುದ್ರು’ ಎನ್ನುತ್ತಾರೆ. ಸ್ವರ್ಣಾ ನದಿಯಲ್ಲಿ ಮನೆ, ತೋಟ, ದೇವಸ್ಥಾನಗಳಿರುವ ಕುದ್ರುಗಳಿವೆ. ಸೀತಾ ಮತ್ತು ಸ್ವರ್ಣಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯ ದಾರಿಯಲ್ಲಿ ಮಳೆಯ ಸೊಬಗನ್ನು ನೆಲದ ಮೇಲೆ ನಿಂತೇ ನೋಡಬಹುದು.

ತಾಯಿಯವರಿಗೆ ಸುದ್ದಿ ತಿಳಿಸಿದ್ದೇವೆ. ದೋಣಿಯ ಹಲಗೆ ಹತ್ತುವುದು ಅಭ್ಯಾಸವಾಗಲೆಂದು ದಿನಕ್ಕೆರಡು ಬಾರಿ ಜಗಲಿಯ ಮೆಟ್ಟಿಲು ಹತ್ತಿಳಿಯುತ್ತಿದ್ದಾರಂತೆ. ಡಾಕ್ಟರೂ ಅಡ್ಡಿ ಹೇಳಿಲ್ಲ. ಐದು ದಿನದ ರಜಾ ಅರ್ಜಿ, ಕಾರಣದ ಅಂಕಣದಲ್ಲಿ ‘ತಾಯಿಯವರನ್ನು ದ್ವೀಪಕ್ಕೆ ಕರೆದೊಯ್ಯಲು’ ಎಂಬ ಬರಹದೊಡನೆ, ಮೇಲಧಿಕಾರಿಗಳ ಮೇಜಿನ ಮೇಲಿದೆ. ಈ ಬಗೆಯ ಕಾರಣವನ್ನು ಅವರು ಹಿಂದೆ ಓದಿರಲಾರರು. ಓದಿದ ಮೇಲೆ ಏನು ಬರೆಯುತ್ತಾರೋ ಕಾದು ನೋಡುತ್ತಿದ್ದೇವೆ.