ಅಪ್ಪ ಮಾಡುವ ಬುಷ್ ಯಾವ ದೇಶದ್ದು?

ಮನೆಗೆ ಮೊದಲ ಕಾರು ತರುವ ಮಾತು ಶುರುವಾಗಿ ಎರಡು ತಿಂಗಳಾಯಿತು. ಕಳೆದ ಭಾನುವಾರ ಊಟಕ್ಕೆ ಬಂದಿದ್ದ ಸೋದರಮಾವ, ‘ಭಾವ, ತಗೊಂಡ್ರೆ ನಮ್ಮ ದೇಶದ ಕಂಪನಿ ಕಾರೇ ತಗೊಳ್ಳಿ. ನಮ್ಮ ದುಡ್ಡು ಜಪಾನು, ಕೊರಿಯಾಕ್ಕೆ ಯಾಕೆ ಹೋಗ್ಬೇಕು?’ ಎಂದರು. ಅಪ್ಪ ಜಿಗಣಿ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪ್‌ನಲ್ಲಿ ಸಿಎನ್‌ಸಿ ಆಪರೇಟರ್. ತಟ್ಟೆಯಿಂದ ತಲೆ ಎತ್ತದೆ ಹೇಳಿದರು: ‘ನಾನು ದಿನಾ ಮಾಡೋ ಬುಷ್ ಹೋಗೋದೇ ವಿದೇಶಿ ಕಂಪನಿ ಕಾರಿಗೆ. ಆ ಕಾರಿಗೆ ಆರ್ಡರ್ ಕಮ್ಮಿ ಆದ್ರೆ ನಮಗೆ ಓಟಿ ಇಲ್ಲ. ಹಾಗಾದ್ರೆ ನನ್ನ ಬುಷ್ ಯಾವ ದೇಶದ್ದು?’

ಮಾವನ ಬಳಿ ಉತ್ತರ ಇರಲಿಲ್ಲ. ಮೆಕ್ಯಾನಿಕಲ್ ಬಿ.ಇ. ಓದುತ್ತಿರುವ ನನ್ನ ಬಳಿಯೂ ಇರಲಿಲ್ಲ.

ಹೆಸರು ನೋಡಿ ಕಾರಿನ ದೇಶ ಹೇಳುವುದು ಕಷ್ಟ. ‘ಮಾರುತಿ’ ಎಂದರೆ ನಮ್ಮದೇ ಅನಿಸುತ್ತದೆ. ಆದರೆ ಆ ಕಂಪನಿಯ ಅರ್ಧಕ್ಕಿಂತ ಹೆಚ್ಚು ಷೇರು ಜಪಾನಿನ ಸುಜುಕಿಯದು. ಟೊಯೊಟಾ ಜಪಾನಿನದು, ಆದರೆ ನಾವು ನೋಡುವ ಇನೋವಾ ತಯಾರಾಗುವುದು ಬಿಡದಿಯಲ್ಲಿ. ಬ್ರಿಟನ್ನಿನ ಹೆಮ್ಮೆಯ ಜಾಗ್ವಾರ್ 2008ರಿಂದ ಟಾಟಾ ಒಡೆತನದಲ್ಲಿದೆ.

ಹಾಗೆಂದು ಮಾವನ ಮಾತನ್ನು ತಳ್ಳಿಹಾಕಲಾರೆ. 2021ರಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಚೆನ್ನೈ ಮತ್ತು ಸಾನಂದ್ ಘಟಕಗಳಲ್ಲಿ ದುಡಿಯುತ್ತಿದ್ದವರು ಏನೂ ಮಾಡುವಂತಿರಲಿಲ್ಲ. ಕೆಲಸ ಇಲ್ಲಿದ್ದರಷ್ಟೇ ಸಾಲದು. ವಿನ್ಯಾಸ ಮಾಡುವವರು, ತೀರ್ಮಾನ ತೆಗೆದುಕೊಳ್ಳುವವರೂ ಇಲ್ಲಿರಬೇಕು.

ಅಂಥ ಪ್ರಯತ್ನವೊಂದು ನಮ್ಮ ಪಕ್ಕದಲ್ಲೇ ನಡೆದಿತ್ತು. ಜಿಗಣಿಗೆ ಹತ್ತಿರದ ಬೊಮ್ಮಸಂದ್ರದಲ್ಲಿ ಚೇತನ್ ಮೈನಿ ಅವರ ತಂಡ, ಅಮೆರಿಕದ ಕಂಪನಿಯೊಂದರ ಸಹಯೋಗದಲ್ಲಿ ರೂಪಿಸಿದ ‘ರೇವಾ’ ವಿದ್ಯುತ್ ಕಾರು 2001ರಲ್ಲೇ ಮಾರುಕಟ್ಟೆಗೆ ಬಂತು. ಲಂಡನ್‌ನಲ್ಲಿ ಅದು ‘ಜಿ–ವಿಜ್’ ಎಂಬ ಹೆಸರಿನಲ್ಲಿ ಓಡಿತು. ವಿದ್ಯುತ್ ವಾಹನಗಳಿಗೆ ಅಲ್ಲಿನ ದಟ್ಟಣೆ ಶುಲ್ಕದಿಂದ ವಿನಾಯಿತಿ ಇತ್ತು. ನಮ್ಮಲ್ಲಿ ಕೊಂಡವರು ಕಡಿಮೆ. ಅದಕ್ಕೆ ಕಾರಣವೂ ಇತ್ತು: ಕಾರು ತೀರಾ ಚಿಕ್ಕದು, ಸುರಕ್ಷತೆಯ ಬಗ್ಗೆ ಪ್ರಶ್ನೆಗಳಿದ್ದವು. 2010ರಲ್ಲಿ ಮಹೀಂದ್ರಾ ಆ ಕಂಪನಿಯ ಬಹುಪಾಲು ಷೇರು ಕೊಂಡಿತು.

ರೇವಾ ಕಲಿಸುವ ಪಾಠ ಎರಡು. ನಮ್ಮೂರಲ್ಲೂ ಕಾರು ರೂಪಿಸಬಹುದು. ಆದರೆ ನಮ್ಮದು ಎಂಬ ಒಂದೇ ಕಾರಣಕ್ಕೆ ಯಾರೂ ಜೀವನದ ಉಳಿತಾಯ ಸುರಿಯುವುದಿಲ್ಲ, ಸುರಿಯಲೂಬಾರದು. 2018ರಲ್ಲಿ ಟಾಟಾ ನೆಕ್ಸಾನ್, ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದ ಭಾರತದ ಮೊದಲ ಕಾರಾಯಿತು. ಈಗ ಅಪ್ಪ ಕೂಡ ಶೋರೂಂನಲ್ಲಿ ಮೊದಲು ಕೇಳುವುದು ‘ಎಷ್ಟು ಸ್ಟಾರ್?’ ಎಂದೇ. ದೇಶಿ ಕಂಪನಿಗೆ ಗ್ರಾಹಕರನ್ನು ತಂದುಕೊಡಬೇಕಾದದ್ದು ಇಂಥ ಗುಣಮಟ್ಟ, ಘೋಷಣೆಯಲ್ಲ.

ಹಾಗಾಗಿ ಮಾವನಿಗೆ ನನ್ನ ಉತ್ತರ ಇಷ್ಟೆ. ಮೊದಲು ಸುರಕ್ಷತೆ, ಬೆಲೆ, ಸರ್ವಿಸ್ ನೋಡೋಣ. ಅದರಲ್ಲಿ ಎರಡು ಕಾರು ಸರಿಸಮವಾದರೆ ಇಲ್ಲೇ ವಿನ್ಯಾಸಗೊಂಡದ್ದನ್ನು ಆರಿಸೋಣ. ಬಾನೆಟ್ ಮೇಲಿನ ಲೋಗೋ ನೋಡಿ ದೇಶಪ್ರೇಮ ಅಳೆಯುವುದು ಬೇಡ.

ಅಪ್ಪ ಇನ್ನೂ ತೀರ್ಮಾನ ಮಾಡಿಲ್ಲ. ಆದರೆ ಅವರ ಮಾತು ನನ್ನ ಕಡೆಗೇ ತಿರುಗಿದೆ. ಅವರ ಮಷೀನಿನ ಪಕ್ಕದಲ್ಲಿ ಅಂಟಿಸಿರುವ ಬುಷ್‌ನ ಡ್ರಾಯಿಂಗ್ ಹೊರದೇಶದಿಂದ ಬಂದದ್ದು. ನನ್ನ ಕ್ಲಾಸಿನ ಬಹುತೇಕರು ಕೋರ್ಸ್ ಮುಗಿಸಿ ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕೆಲಸಕ್ಕೆ ಸೇರುವ ಯೋಚನೆಯಲ್ಲಿದ್ದೇವೆ, ನಾನೂ ಸೇರಿ. ಹಾಗಾದರೆ ಜಿಗಣಿಯ ಮಷೀನುಗಳಿಗೆ ಮುಂದಿನ ಡ್ರಾಯಿಂಗ್ ಬರೆಯುವವರು ಯಾರು?