ನಿಗಮ-ಮಂಡಳಿಗಳು ಆಳುವ ಪಕ್ಷದ ಸ್ವತ್ತಲ್ಲ

ಮಠದ ಉಗ್ರಾಣದ ಬೀಗದ ಕೈ ಹಿಡಿದವನೇ ಉಗ್ರಾಣದ ಲೆಕ್ಕವನ್ನೂ ಪರಿಶೋಧಿಸಿ, ಎಲ್ಲವೂ ಸರಿಯಿದೆಯೆಂದು ತಾನೇ ರುಜು ಹಾಕಿದರೆ ಸದ್ಭಕ್ತರು ಒಪ್ಪುವರೇ? ಅವನು ಪ್ರಾಮಾಣಿಕನೇ ಆಗಿರಬಹುದು. ಆದರೂ ಒಪ್ಪಲಾರರು, ಒಪ್ಪಲೂಬಾರದು. ಅಕ್ಕಿ-ಬೇಳೆಯ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು, ಸಾರ್ವಜನಿಕರ ಕೋಟಿಗಟ್ಟಲೆ ದ್ರವ್ಯವನ್ನು ನಿರ್ವಹಿಸುವ ರಾಜ್ಯದ ನಿಗಮ-ಮಂಡಳಿಗಳ ವಿಷಯದಲ್ಲಿ ಮಾತ್ರ ಮೌನವಾಗಿರುವುದು ಸೋಜಿಗವಲ್ಲವೇ?

2003ರಲ್ಲಿ ಸಂವಿಧಾನದ 91ನೆಯ ತಿದ್ದುಪಡಿಯು ಮಂತ್ರಿಮಂಡಲದ ಗಾತ್ರವನ್ನು ವಿಧಾನಸಭೆಯ ಸದಸ್ಯಸಂಖ್ಯೆಯ ಶೇಕಡ 15ಕ್ಕೆ ಮಿತಿಗೊಳಿಸಿತು. ನಮ್ಮ ರಾಜ್ಯದಲ್ಲಿ ಆ ಮಿತಿಯು ಮುಖ್ಯಮಂತ್ರಿಗಳೂ ಸೇರಿ 34 ಎಂದು ನಡೆದುಬಂದಿದೆ. ಮುಂಬಾಗಿಲು ಮುಚ್ಚಿದೊಡನೆ ಹಿತ್ತಿಲ ಬಾಗಿಲು ತೆರೆಯಿತು. ಮಂತ್ರಿಪದವಿ ದೊರೆಯದ ಶಾಸಕರಿಗೆ ನಿಗಮದ ಅಧ್ಯಕ್ಷ ಸ್ಥಾನ ಸಮಾಧಾನದ ಪ್ರಸಾದವಾಯಿತು. 2024ರ ಜನವರಿಯಲ್ಲಿ 30ಕ್ಕೂ ಹೆಚ್ಚು ಶಾಸಕರು ಒಮ್ಮೆಗೇ ಇಂತಹ ಸ್ಥಾನಗಳಿಗೆ ನೇಮಕಗೊಂಡರು. ಅವರು ಆಳುವ ಪಕ್ಷದವರೇ. ಇದು ಒಂದು ಪಕ್ಷದ ದೋಷವೆಂದು ಯಾರೂ ಭಾವಿಸಬೇಕಾಗಿಲ್ಲ; ಹಿಂದೆ ಆಳಿದ ಪಕ್ಷಗಳು ಹಾಕಿಕೊಟ್ಟ ಮೇಲ್ಪಂಕ್ತಿಯೇ ಇದು. ಲಾಭದ ಹುದ್ದೆಯಲ್ಲಿರುವ ಶಾಸಕನು ಅನರ್ಹನೆಂದು ಸಂವಿಧಾನದ 191ನೆಯ ವಿಧಿ ಸಾರಿದರೆ, ಅದೇ ವಿಧಿಯು ಶಾಸನಸಭೆಗೆ ಕೊಟ್ಟ ವಿನಾಯಿತಿಯ ಅಧಿಕಾರವನ್ನು ಬಳಸಿ 1956ರ ಅನರ್ಹತಾ ನಿವಾರಣಾ ಕಾಯಿದೆಯ ಮೂಲಕ ಇಂತಹ ಹುದ್ದೆಗಳನ್ನು ರಕ್ಷಿಸಲಾಗಿದೆ.

ಇದರಿಂದಾಗುವ ಹಾನಿ ಯಾವುದು? ಸರ್ಕಾರವನ್ನು ಪ್ರಶ್ನಿಸುವುದು ಶಾಸಕನ ಧರ್ಮ. ಸರ್ಕಾರದ ಕೃಪೆಯಿಂದ ಪೀಠವೇರಿದವನು ಸರ್ಕಾರವನ್ನು ಪ್ರಶ್ನಿಸುವನೇ? ಇತ್ತ ನಿಗಮದ ಒಳಗೆ ಪ್ರಶ್ನಿಸಬಲ್ಲ ವಿರೋಧ ಪಕ್ಷದ ಶಾಸಕನಿಗೆ ಆಸನವೇ ಇಲ್ಲ. ಹಣ ವ್ಯಯವಾಗಿ ವರ್ಷಗಳು ಕಳೆದ ಮೇಲೆ ಸದನದ ಸಮಿತಿಯು ಲೆಕ್ಕ ನೋಡುತ್ತದೆ. ಬೆಳೆ ಮೇಯ್ದ ಮೇಲೆ ಬೇಲಿ ಕಟ್ಟಿದಂತಾಯಿತು.

ನಮ್ಮ ಶಾಸನಕರ್ತರಿಗೆ ಈ ವಿವೇಕ ತಿಳಿಯದೆಂದಲ್ಲ. 1984ರ ಲೋಕಾಯುಕ್ತ ಕಾಯಿದೆಯ ಮೇರೆಗೆ ಮುಖ್ಯಮಂತ್ರಿಗಳು ಉಭಯ ಸದನಗಳ ವಿರೋಧ ಪಕ್ಷದ ನಾಯಕರೊಡನೆಯೂ ಸಮಾಲೋಚಿಸಬೇಕು. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯಿದೆಯು ರಾಜ್ಯ ಆಯೋಗದ ಆಯ್ಕೆ ಸಮಿತಿಯಲ್ಲಿ ಅವರಿಗೆ ಸ್ಥಾನ ಕೊಟ್ಟಿದೆ. 2005ರ ಮಾಹಿತಿ ಹಕ್ಕು ಕಾಯಿದೆಯ ಆಯ್ಕೆ ಸಮಿತಿಯಲ್ಲಿ ಮೂವರಲ್ಲೊಬ್ಬರು ವಿಧಾನಸಭೆಯ ವಿರೋಧ ಪಕ್ಷದ ನಾಯಕರು. ಉಳಿದಿಬ್ಬರು ಸರ್ಕಾರದವರಾದುದರಿಂದ ಆ ಒಂದು ಮತವು ಸೋಲುವುದು ನಿಶ್ಚಿತವಾದರೂ, ಒಂದು ಭಿನ್ನಧ್ವನಿಯ ಮುಂದೆ ಕಾರಣ ಹೇಳಬೇಕಾದ ಸಂಕೋಚವಾದರೂ ಅಲ್ಲಿದೆ. ಆಯೋಗಗಳಿಗೆ ಹಿತವಾದ ಈ ನ್ಯಾಯ ನಿಗಮ-ಮಂಡಳಿಗಳಿಗೆ ಹೇಗೆ ಅಹಿತವಾದೀತು?

ಶಾಸಕರು ಮಂಡಳಿಯಲ್ಲಿರಬೇಕೆಂದು ಹೇಳಿದ ಮಾತ್ರಕ್ಕೆ ಸಾಲದು. ರಾಜ್ಯ ವನ್ಯಜೀವಿ ಮಂಡಳಿಯಲ್ಲಿ ಮೂವರು ಶಾಸಕರಿರಬೇಕೆಂದು ಕಾಯಿದೆಯಿದೆ. ಅವರಲ್ಲೊಬ್ಬರು ವಿರೋಧ ಪಕ್ಷದವರಾಗಿರಬೇಕೆಂಬ ಮಾತಿಲ್ಲ. ಕಾಫಿ ಮಂಡಳಿಗಾದರೋ 1942ರ ಕಾಯಿದೆಯ ಮೇರೆಗೆ ಲೋಕಸಭೆಯಿಂದ ಇಬ್ಬರು, ರಾಜ್ಯಸಭೆಯಿಂದ ಒಬ್ಬರು ಸದಸ್ಯರನ್ನು ಆಯಾ ಸದನವೇ ಚುನಾಯಿಸುವ ಪದ್ಧತಿ ನಡೆದುಬಂದಿದೆ. ನಮ್ಮ ಬೇಡಿಕೆಯೂ ಇದೇ: ಪ್ರತಿಯೊಂದು ಮಂಡಳಿಗೂ ಉಭಯ ಪಕ್ಷಗಳ ಶಾಸಕರನ್ನು ಸದನವೇ ಆರಿಸಲಿ, ಅವರಿಗೆ ಸಂಪುಟ ದರ್ಜೆಯಾಗಲಿ ವಾಹನವಾಗಲಿ ಬೇಡ, ಅವರ ಭಿನ್ನಮತ ನಡಾವಳಿಯಲ್ಲಿ ದಾಖಲಾಗಿ ಸದನದ ಮುಂದೆ ಬರಲಿ.

ವಿರೋಧ ಪಕ್ಷದವರು ಕೆಲಸ ಕೆಡಿಸುವರೆಂದು ಕೆಲವರು ಆಕ್ಷೇಪಿಸಬಹುದು. 1967ರಿಂದ ಲೋಕಸಭೆಯ ಸಂಪ್ರದಾಯದಂತೆ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದವರೇ ಅಧ್ಯಕ್ಷರು. ಅದರಿಂದ ದೇಶದ ಆಡಳಿತ ನಿಂತುಹೋಯಿತೇ? ಪದವಿಯ ಆಸೆಗೆ ಅವರೂ ಮೌನಿಗಳಾಗುವರೆಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಸೌಲಭ್ಯಗಳು ಬೇಡವೆಂದು ನಾವು ಹೇಳಿದುದು ಅದಕ್ಕಾಗಿಯೇ.

ಕಡೆಯದಾಗಿ, ನಮ್ಮ ಕಡೆಗೂ ಒಂದು ಮಾತು. ನಮ್ಮ ಸಮಾಜದ ಶಾಸಕರಿಗೆ ಇಂತಹ ನಿಗಮ ದೊರೆಯಲೆಂದು ಮಠಾಧಿಪತಿಗಳಾದ ನಮ್ಮಲ್ಲಿಯೇ ಕೆಲವರು ಆಳುವವರ ಬಾಗಿಲಿಗೆ ಹೋದುದುಂಟು. ಕಾವಿ ತೊಟ್ಟವರು ಪಾಲು ಕೇಳಲು ನಿಂತರೆ ಲೆಕ್ಕ ಕೇಳುವ ನೈತಿಕತೆ ಎಲ್ಲಿಯದು? ಮುಂದಿನ ಜಾತ್ರೆಗೆ ನಿಮ್ಮ ಶಾಸಕರು ವೇದಿಕೆಯೇರಿದಾಗ ಹಾರದೊಡನೆ ಈ ಪ್ರಶ್ನೆಯನ್ನೂ ಅವರ ಕೊರಳಿಗೆ ಹಾಕಿರಿ: ನೀವು ಕುಳಿತ ಮಂಡಳಿಯಲ್ಲಿ ನಿಮ್ಮನ್ನು ಪ್ರಶ್ನಿಸುವವರು ಯಾರಿದ್ದಾರೆ?