ಜಾಹೀರಾತಿಲ್ಲದ ಪತ್ರಿಕೆಗೂ ಹಂಗುಂಟು

ಕನ್ನಡದಲ್ಲಿ ಒಂದು ಸ್ವತಂತ್ರ ವಿಜ್ಞಾನ-ತಂತ್ರಜ್ಞಾನ ಪತ್ರಿಕೆಯನ್ನು ಬ್ರಿಟನ್ನಿನಿಂದಲೇ ಹೊರತರಬೇಕೆಂದು ನಮ್ಮ ಬಳಗದ ಕೆಲವು ತರುಣ ಮಿತ್ರರು ಹೊರಟಿರುವ ಸಂಗತಿ ಸದಸ್ಯ ಬಾಂಧವರಿಗೆ ತಿಳಿದೇ ಇದೆ. ಅವರ ಉತ್ಸಾಹವನ್ನು ಮೆಚ್ಚದವರು ಯಾರು? 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಲ್ಲಿ ‘ವಿಜ್ಞಾನ’ ಎಂಬ ಪತ್ರಿಕೆಯನ್ನು ಆರಂಭಿಸಿದಾಗ ಪಾರಿಭಾಷಿಕ ಪದಗಳನ್ನೇ ಹೊಸದಾಗಿ ಕಟ್ಟಿಕೊಳ್ಳಬೇಕಿತ್ತು. ಇಂದು ಪದಗಳಿಗೆ ಬಡತನವಿಲ್ಲ, ಬರೆಯಬಲ್ಲ ವೈದ್ಯರು, ಎಂಜಿನಿಯರುಗಳು ನಮ್ಮ ನಡುವೆಯೇ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಮಿತ್ರರು ಹಂಚಿರುವ ಸಂಪಾದಕೀಯ ನೀತಿಯ ಕರಡನ್ನು ಓದಿದ ಮೇಲೆ ಸುಮ್ಮನಿರುವುದು ನನ್ನಿಂದಾಗಲಿಲ್ಲ. ಈ ಬರಹ ಅದಕ್ಕೆ ಉತ್ತರ.

ಕರಡಿನ ಸಾರ ಇಷ್ಟು. ಪತ್ರಿಕೆ ಜಾಹೀರಾತು ಸ್ವೀಕರಿಸುವುದಿಲ್ಲ. ಆದ್ದರಿಂದ ಅದು ಯಾರ ಹಂಗಿನಲ್ಲೂ ಇರುವುದಿಲ್ಲ. ವಿವಾದಿತ ವಿಷಯಗಳಲ್ಲಿ ಎರಡೂ ಪಕ್ಷಗಳಿಗೆ ಸಮಾನ ಸ್ಥಳ. ನಿರ್ಣಯ ಓದುಗರಿಗೆ ಬಿಟ್ಟದ್ದು. ತಪ್ಪು ಕಂಡುಬಂದಲ್ಲಿ ತಿದ್ದಲಾಗುವುದು. ಕೇಳುವುದಕ್ಕೆ ಎಷ್ಟು ಸೊಗಸಾಗಿದೆ! ನಾಲ್ಕೂ ಮಾತುಗಳು ಸಂಪಾದಕನ ಕೆಲಸವನ್ನು ಸಂಪಾದಕನಿಂದ ಕಳಚಿ ಬೇರೆಯವರ ಹೆಗಲಿಗೆ ಹೊರಿಸುತ್ತವೆ ಎಂಬುದೇ ನನ್ನ ಆಕ್ಷೇಪ.

ಮೊದಲಿಗೆ ಹಂಗಿನ ವಿಚಾರ. ಸಣ್ಣ ಪತ್ರಿಕೆಯನ್ನು ಕೆಡಿಸುವುದು ಜಾಹೀರಾತುದಾರನೊಬ್ಬನೇ ಎಂದು ತಿಳಿಯುವುದು ಭೋಳೆತನ. ನಮ್ಮಂಥ ಬಳಗಗಳಲ್ಲಿ ಅವನಿಗಿಂತ ಬಲವಾದ ಶಕ್ತಿಯೊಂದಿದೆ. ಅದರ ಹೆಸರು ದಾಕ್ಷಿಣ್ಯ. ಯುಗಾದಿಯ ಸಂಜೆ ಪಕ್ಕದಲ್ಲೇ ಕುಳಿತು ಒಬ್ಬಟ್ಟು ತಿನ್ನಬೇಕಾದ ಹಿರಿಯರೊಬ್ಬರು ‘ಮಧುಮೇಹಕ್ಕೆ ರಾಮಬಾಣ’ ಎಂಬ ಲೇಖನ ಕಳುಹಿಸಿದರೆ ಅದನ್ನು ಹಿಂದಿರುಗಿಸುವ ಎದೆ ಎಷ್ಟು ಜನ ಸಂಪಾದಕರಿಗಿದೆ? ದೀಪಾವಳಿಯ ಕಾರ್ಯಕ್ರಮಕ್ಕೆ ಪ್ರಾಯೋಜಕತ್ವ ಕೊಟ್ಟವರ ಹೊಸ ಉಪಕರಣದ ಬಗ್ಗೆ ಬಂದ ಹೊಗಳಿಕೆಗೆ ಕತ್ತರಿ ಹಾಕುವವರು ಯಾರು? ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಎಂದು ನಮ್ಮ ಹಿರಿಯರು ಗಾದೆ ಮಾಡಿದ್ದು ಪತ್ರಿಕೆಗಳನ್ನು ನೋಡಿಯಲ್ಲ; ಆದರೂ ಅದು ಪತ್ರಿಕೆಗಳಿಗೆ ಚೆನ್ನಾಗಿ ಒಪ್ಪುತ್ತದೆ.

ಇದು ನಮ್ಮವರ ದೌರ್ಬಲ್ಯ ಮಾತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. ನಾವು ವಾಸಿಸುವ ಈ ದೇಶದ ಒಂದು ಪ್ರಕರಣವನ್ನೇ ಸ್ವಲ್ಪ ವಿಸ್ತಾರವಾಗಿ ನೋಡೋಣ. ಮಕ್ಕಳಿಗೆ ಇಲ್ಲಿ ಲಸಿಕೆ ಹಾಕಿಸಿದ ಪ್ರತಿಯೊಂದು ಕುಟುಂಬಕ್ಕೂ ಸಂಬಂಧಿಸಿದ ಪ್ರಕರಣ ಅದು.

1998ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ನಿಯತಕಾಲಿಕವು ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಪ್ರಬಂಧವೊಂದನ್ನು ಪ್ರಕಟಿಸಿತು. ಅದರಲ್ಲಿದ್ದದ್ದು ಕೇವಲ 12 ಮಕ್ಕಳ ವಿವರ. ಎಂಎಂಆರ್ ಲಸಿಕೆಗೂ ಕರುಳಿನ ತೊಂದರೆಗೂ ಆಟಿಸಂಗೂ ನಂಟಿರಬಹುದೆಂಬ ಸೂಚನೆ ಅಲ್ಲಿತ್ತು. ಪತ್ರಿಕಾಗೋಷ್ಠಿಯಲ್ಲಿ ಆ ಸೂಚನೆ ಎಚ್ಚರಿಕೆಯಾಯಿತು, ಮರುದಿನದ ಪತ್ರಿಕೆಗಳಲ್ಲಿ ಎಚ್ಚರಿಕೆ ಭೀತಿಯಾಯಿತು. ಈ ಭೀತಿಯನ್ನು ವರ್ಷಗಟ್ಟಲೆ ಪೋಷಿಸಿದವರಲ್ಲಿ ಯಾವ ದೊಡ್ಡ ಮಾಧ್ಯಮ ಸಂಸ್ಥೆಯ ಒಡೆತನಕ್ಕೂ ಸೇರದ, ಮಂತ್ರಿಗಳಿಗೂ ಕೋಟ್ಯಧಿಪತಿಗಳಿಗೂ ಹೆದರದ ‘ಪ್ರೈವೇಟ್ ಐ’ ಕೂಡ ಒಂದು. 2002ರಲ್ಲಿ ಅದು ಎಂಎಂಆರ್ ಕುರಿತು ವಿಶೇಷ ವರದಿಯನ್ನೇ ಹೊರತಂದಿತು. ಆ ಪತ್ರಿಕೆಗೆ ಯಾವ ಕಂಪನಿಯೂ ಲಂಚ ಕೊಟ್ಟಿರಲಿಲ್ಲ. ಅದು ಹಂಗಿಗೆ ಬಿದ್ದದ್ದು ಬೇರೆಡೆ: ನೊಂದ ತಂದೆತಾಯಿಯರ ಮೇಲಿನ ಕನಿಕರಕ್ಕೆ, ವ್ಯವಸ್ಥೆಯ ಎದುರು ಒಂಟಿಯಾಗಿ ನಿಂತವನೇ ಸತ್ಯವಂತ ಎಂಬ ತನ್ನದೇ ಕಥೆಗೆ. ಆ ಕಥೆ ಎಷ್ಟೋ ಹಗರಣಗಳಲ್ಲಿ ನಿಜವಾಗಿತ್ತು, ಇಲ್ಲಿ ನಿಜವಾಗಿರಲಿಲ್ಲ. ಕೊನೆಗೆ 2010ರಲ್ಲಿ, ಅದೇ ಪತ್ರಿಕೆಯ ವೈದ್ಯ ಅಂಕಣಕಾರ ಡಾ. ಫಿಲ್ ಹ್ಯಾಮಂಡ್ ಅದರ ಪುಟಗಳಲ್ಲೇ ಪತ್ರಿಕೆ ಎಡವಿತ್ತೆಂದು ಬರೆದರು.

ನಡುವಿನ ವರ್ಷಗಳಲ್ಲಿ ಏನಾಯಿತೆಂಬುದನ್ನು ಅಂಕಿಗಳೇ ಹೇಳುತ್ತವೆ. ಸಮುದಾಯದಲ್ಲಿ ದಡಾರ ಹಬ್ಬದಂತೆ ತಡೆಯಲು ಸುಮಾರು ಶೇ 95ರಷ್ಟು ಮಕ್ಕಳಿಗಾದರೂ ಲಸಿಕೆಯಾಗಿರಬೇಕು. ಇಂಗ್ಲೆಂಡಿನಲ್ಲಿ ಎರಡು ವರ್ಷದ ಮಕ್ಕಳ ಪೈಕಿ ಲಸಿಕೆ ಪಡೆದವರ ಪ್ರಮಾಣ 1990ರ ದಶಕದ ನಡುವೆ ಶೇ 92ರ ಆಸುಪಾಸಿನಲ್ಲಿದ್ದದ್ದು 2003-04ರ ವೇಳೆಗೆ ಶೇ 80ಕ್ಕೆ ಇಳಿಯಿತು. ವೇಲ್ಸ್‌ನ ಸ್ವಾನ್‌ಸೀ ಪ್ರದೇಶದಲ್ಲಂತೂ ಸ್ಥಳೀಯ ಸಂಜೆಪತ್ರಿಕೆಯೊಂದು 1997ರಿಂದಲೇ ಎಂಎಂಆರ್ ವಿರುದ್ಧ ಸರಣಿ ವರದಿಗಳನ್ನು ಪ್ರಕಟಿಸಿತ್ತು. ಆ ಪತ್ರಿಕೆ ಓಡಾಡುವ ಪ್ರದೇಶದಲ್ಲಿ ಲಸಿಕೆಯ ಪ್ರಮಾಣ ವೇಲ್ಸ್‌ನ ಉಳಿದೆಡೆಗಿಂತ ಹೆಚ್ಚು ಕುಸಿಯಿತು. ಅಂದು ಲಸಿಕೆ ತಪ್ಪಿಸಿಕೊಂಡ ಕೂಸುಗಳು ಹದಿಹರೆಯಕ್ಕೆ ಬರುವ ಹೊತ್ತಿಗೆ, 2012-13ರಲ್ಲಿ, ಅದೇ ಸ್ವಾನ್‌ಸೀಯನ್ನು ಕೇಂದ್ರವಾಗಿಸಿಕೊಂಡು ದಡಾರ ಹಬ್ಬಿತು. ಸಾವಿರಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು, ಒಬ್ಬ ಯುವಕ ತೀರಿಕೊಂಡ. ಮುದ್ರಿತ ಅಕ್ಷರ ಹದಿನೈದು ವರ್ಷಗಳ ಬಳಿಕವೂ ವಸೂಲಿಗೆ ಬರುತ್ತದೆ.

ಈಗ ‘ಎರಡೂ ಪಕ್ಷಗಳಿಗೆ ಸಮಾನ ಸ್ಥಳ’ ಎಂಬ ಸೂತ್ರವನ್ನು ಇದಕ್ಕೆ ಹಚ್ಚಿ ನೋಡಿ. 12 ಮಕ್ಕಳ ಪ್ರಬಂಧ ಒಂದು ಪಕ್ಷ. 1999ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಬಂದ, ಆಟಿಸಂ ಇದ್ದ 498 ಮಕ್ಕಳ ದಾಖಲೆಗಳನ್ನು ಶೋಧಿಸಿ ಯಾವ ನಂಟನ್ನೂ ಕಾಣದ ಅಧ್ಯಯನ ಇನ್ನೊಂದು ಪಕ್ಷ. 2002ರ ನವೆಂಬರಿನಲ್ಲಿ ಡೆನ್ಮಾರ್ಕಿನಿಂದ ಬಂದ ಅಧ್ಯಯನವನ್ನು ಸೇರಿಸಿದರೆ ಮತ್ತೂ 5,37,303 ಮಕ್ಕಳು. ತಕ್ಕಡಿಯ ಒಂದು ತಟ್ಟೆಯಲ್ಲಿ ಬೆಟ್ಟವಿದ್ದು ಇನ್ನೊಂದರಲ್ಲಿ ಬೆಣಚುಕಲ್ಲಿದ್ದಾಗ ಎರಡಕ್ಕೂ ಅರ್ಧರ್ಧ ಪುಟ ಕೊಡುವವನು ನಿಷ್ಪಕ್ಷಪಾತಿಯಲ್ಲ. ಅವನು ತೂಕದಲ್ಲಿ ಮೋಸ ಮಾಡುವ ವ್ಯಾಪಾರಿ. ಇಂಥ ತಕ್ಕಡಿಯನ್ನು ಓದುಗನ ಮುಂದಿಟ್ಟು ‘ನೀವೇ ನಿರ್ಣಯಿಸಿ’ ಎನ್ನುವುದು ಓದುಗನಿಗೆ ಮಾಡಿದ ಗೌರವವೂ ಅಲ್ಲ. ಕೂಸನ್ನು ತೊಡೆಯ ಮೇಲಿಟ್ಟುಕೊಂಡು ‘ಡಾಕ್ಟ್ರೇ, ಎರಡೂ ಕಡೆ ಓದಿದೆವು, ಏನೂ ತೋಚದೆ ಮುಂದೂಡಿದೆವು’ ಎನ್ನುವ ತಂದೆತಾಯಿಯರನ್ನು ನಾನು ನೋಡುತ್ತಲೇ ಇರುತ್ತೇನೆ. ಅವರು ದಡ್ಡರಲ್ಲ, ಎಂಜಿನಿಯರುಗಳು, ಲೆಕ್ಕಪರಿಶೋಧಕರು.

‘ಹಾಗಾದರೆ ಪ್ರತಿಷ್ಠಿತ ನಿಯತಕಾಲಿಕಗಳಲ್ಲಿ ಬಂದದ್ದನ್ನಷ್ಟೇ ಕನ್ನಡಕ್ಕೆ ತಂದರಾಯಿತು’ ಎಂದು ಯಾರಾದರೂ ಹೇಳಬಹುದು. ಅದೂ ಸಾಲದು. ವೇಕ್‌ಫೀಲ್ಡ್ ಪ್ರಬಂಧ ಬಂದದ್ದೂ ಪ್ರತಿಷ್ಠಿತ ನಿಯತಕಾಲಿಕದಲ್ಲೇ ಅಲ್ಲವೆ? ಲಸಿಕೆ ತಯಾರಕರ ಮೇಲೆ ದಾವೆ ಹೂಡಲು ಹೊರಟಿದ್ದ ವಕೀಲರ ಮೂಲಕ ಅವರಿಗೆ ಹಣ ಸಂದಿದ್ದ ವಿಚಾರವನ್ನು 2004ರಲ್ಲಿ ಬಯಲಿಗೆಳೆದದ್ದು ಪತ್ರಕರ್ತ ಬ್ರಯನ್ ಡೀರ್, ‘ಸಂಡೇ ಟೈಮ್ಸ್’ನಲ್ಲಿ. ಆ ವರ್ಷ ಸಹಲೇಖಕರಲ್ಲಿ ಹತ್ತು ಮಂದಿ ಪ್ರಬಂಧದ ವ್ಯಾಖ್ಯಾನದಿಂದ ಹಿಂದೆ ಸರಿದರು. ಲ್ಯಾನ್ಸೆಟ್ ಅದನ್ನು ಪೂರ್ತಿಯಾಗಿ ಹಿಂತೆಗೆದುಕೊಂಡದ್ದು 2010ರಲ್ಲಿ, ಪ್ರಕಟವಾದ 12 ವರ್ಷಗಳ ಮೇಲೆ.

ಇದಕ್ಕೆ ಎದುರಾಗಿ ಇನ್ನೊಂದನ್ನು ನೆನೆಯಬೇಕು. 2020ರ ಮೇ 22ರಂದು ಅದೇ ಲ್ಯಾನ್ಸೆಟ್‌ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕುರಿತು ಪ್ರಬಂಧವೊಂದು ಬಂದಿತು. 96 ಸಾವಿರ ರೋಗಿಗಳು, 671 ಆಸ್ಪತ್ರೆಗಳು. ದತ್ತಾಂಶ ಒದಗಿಸಿದ್ದು ಸರ್ಜಿಸ್ಫಿಯರ್ ಎಂಬ ಸಣ್ಣ ಕಂಪನಿ. ಅದರಲ್ಲಿ ಹೇಳಿದ್ದ ಆಸ್ಟ್ರೇಲಿಯದ ಕೋವಿಡ್ ಸಾವುಗಳ ಸಂಖ್ಯೆ ಆ ದೇಶ ಅಂದಿಗೆ ಅಧಿಕೃತವಾಗಿ ದಾಖಲಿಸಿದ್ದ ಒಟ್ಟು ಸಾವುಗಳಿಗಿಂತ ಹೆಚ್ಚಾಗಿತ್ತು! ಪತ್ರಕರ್ತರೂ ಸಂಶೋಧಕರೂ ಪ್ರಶ್ನಿಸತೊಡಗಿದರು. ಜೂನ್ 4ಕ್ಕೆ ಪ್ರಬಂಧ ಹಿಂತೆಗೆಯಲ್ಪಟ್ಟಿತು. ಈ ಅಸಂಗತಿಯನ್ನು ಕಾಣಲು ಪ್ರಯೋಗಾಲಯ ಬೇಕಿರಲಿಲ್ಲ. ಬೇಕಿದ್ದದ್ದು ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಡುವ ವ್ಯವಧಾನ. ನಮ್ಮ ಪತ್ರಿಕೆಗೆ ಆ ವ್ಯವಧಾನ ದುಬಾರಿಯೇನಲ್ಲ.

ಅಂಕಿಗಳ ಮಾತು ಬಂದದ್ದರಿಂದ ಒಂದು ವಿಷಯ. ‘ದುಪ್ಪಟ್ಟು’ ಎಂಬ ಪದವನ್ನು ಮೂಲಸಂಖ್ಯೆಯಿಲ್ಲದೆ ಅಚ್ಚುಮಾಡಕೂಡದು. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಕೆಲವು ಹೊಸ ಗರ್ಭನಿರೋಧಕ ಗುಳಿಗೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡರಷ್ಟಾಗುತ್ತದೆಂದು ಎಚ್ಚರಿಸಿತು. ಸುಳ್ಳಲ್ಲ. ಆದರೆ ಏಳು ಸಾವಿರ ಮಹಿಳೆಯರಲ್ಲಿ ಒಬ್ಬರಿಗೆ ಇದ್ದದ್ದು ಇಬ್ಬರಿಗೆ ಆಗುತ್ತಿತ್ತು, ಅಷ್ಟೆ. ಗಾಬರಿಗೊಂಡ ಮಹಿಳೆಯರು ಗುಳಿಗೆ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವೆಂಬ ಅಂದಾಜಿದೆ. ಗರ್ಭಾವಸ್ಥೆಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಗುಳಿಗೆಗಿಂತಲೂ ಹೆಚ್ಚು ಎಂಬುದನ್ನು ಹೇಳುವ ತಾಳ್ಮೆ ಶೀರ್ಷಿಕೆಗಳಿಗೆ ಇರಲಿಲ್ಲ.

ದಾಕ್ಷಿಣ್ಯದ ಇನ್ನೊಂದು ಬಗೆ ನಮಗೆ ಹೆಚ್ಚು ಹತ್ತಿರದ್ದು: ‘ನಮ್ಮದು’ ಎಂಬುದರ ಮೇಲಿನ ದಾಕ್ಷಿಣ್ಯ. ಪರದೇಶದಲ್ಲಿರುವವರಿಗೆ ಇದರ ಸೆಳೆತ ತುಸು ಅಧಿಕ. ಮಕ್ಕಳೆದುರು ತಾಯ್ನಾಡಿನ ಹಿರಿಮೆಯನ್ನು ಹೇಳಬೇಕೆಂಬ ಹಂಬಲ ಸಹಜವೇ. ಆ ಹಂಬಲಕ್ಕೆ ಸುಲಭವಾಗಿ ಒದಗಿ ಬರುವ ಉದಾಹರಣೆ ‘ವೈಮಾನಿಕ ಶಾಸ್ತ್ರ’. ಭರದ್ವಾಜ ಮಹರ್ಷಿಗಳು ರಚಿಸಿದ ವಿಮಾನಶಾಸ್ತ್ರವೆಂದು ಇದನ್ನು ಇಂದಿಗೂ ಸಭೆಗಳಲ್ಲಿ ಹೆಮ್ಮೆಯಿಂದ ಉಲ್ಲೇಖಿಸುವುದುಂಟು. 2015ರ ಜನವರಿಯಲ್ಲಿ ಮುಂಬಯಿಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲೂ ಪ್ರಾಚೀನ ವಿಮಾನಗಳ ಕುರಿತ ಉಪನ್ಯಾಸಕ್ಕೆ ವೇದಿಕೆ ದೊರೆಯಿತು. ಆದರೆ ಅದರ ಸತ್ಯಶೋಧನೆ 1974ರಷ್ಟು ಹಿಂದೆಯೇ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎಚ್.ಎಸ್. ಮುಕುಂದ ಅವರೂ ಇದ್ದ ಐವರು ವಿದ್ವಾಂಸರಿಂದ ನಡೆದುಹೋಗಿತ್ತು. ಅವರು ಗ್ರಂಥವನ್ನು ಗೇಲಿ ಮಾಡಿ ಬದಿಗಿಡಲಿಲ್ಲ. ಅದರ ಸಂಸ್ಕೃತದ ಭಾಷೆಯನ್ನು ಪರೀಕ್ಷಿಸಿದರು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಅದನ್ನು ಹೇಳಿ ಬರೆಸಿದ ಕಾಲವನ್ನು ಹುಡುಕಿದರು. ಚಿತ್ರಗಳಲ್ಲಿದ್ದ ವಿಮಾನಗಳ ಆಕಾರ, ತೂಕ, ಚಲನೆಗಳನ್ನು ವಾಯುಯಾನಶಾಸ್ತ್ರಕ್ಕೆ ಒಡ್ಡಿದರು. ಗ್ರಂಥ ಇಪ್ಪತ್ತನೆಯ ಶತಮಾನದ ಆರಂಭದ್ದು, ವಿಮಾನಗಳು ಹಾರಲಾರವು ಎಂಬ ತೀರ್ಮಾನಕ್ಕೆ ಬಂದರು. ಅವರೂ ನಮ್ಮವರೇ. ಹಿರಿಮೆಯನ್ನು ಹೇಳಬೇಕಿದ್ದರೆ ಮಕ್ಕಳಿಗೆ ಈ ಐವರ ಕೆಲಸದ ರೀತಿಯನ್ನೇ ಹೇಳಬಹುದಲ್ಲ!

ಆದ್ದರಿಂದ ಕರಡಿನಲ್ಲಿ ಏನಿರಬೇಕೆಂದು ಕೇಳಿದರೆ ನನ್ನ ಉತ್ತರ ನೇರವಾಗಿದೆ. ಪತ್ರಿಕಾ ಪ್ರಕಟಣೆಯನ್ನೋ ವಾಟ್ಸಾಪ್ ಸಂದೇಶವನ್ನೋ ಆಧರಿಸಿದ ಲೇಖನ ಬೇಡ. ಮೂಲ ಪ್ರಬಂಧವನ್ನು ಬರೆದವರೂ ಓದಿರಬೇಕು, ಆ ವಿಷಯ ಬಲ್ಲ ಇನ್ನೊಬ್ಬರೂ ಓದಿರಬೇಕು. ಲೇಖಕರ ಹಿತಾಸಕ್ತಿ ಲೇಖನದ ಕೆಳಗೇ ಅಚ್ಚಾಗಬೇಕು. ನಮ್ಮಲ್ಲಿ ಬಹುಮಂದಿ ತಂತ್ರಜ್ಞಾನ ಕಂಪನಿಗಳಲ್ಲಿದ್ದಾರೆ, ಅನೇಕರ ಕೈಯಲ್ಲಿ ಆ ಕಂಪನಿಗಳ ಷೇರುಗಳೂ ಇವೆ. ಕೃತಕ ಬುದ್ಧಿಮತ್ತೆಯ ಬಗ್ಗೆ ಬರೆಯಲು ಅವರಿಗಿಂತ ಅರ್ಹರಿಲ್ಲ, ಬರೆಯಲಿ. ಆದರೆ ಸಂಬಳ ಎಲ್ಲಿಂದ ಬರುತ್ತದೆಂದು ಓದುಗನಿಗೆ ತಿಳಿದಿರಲಿ. ಔಷಧ ಕಂಪನಿಯ ಖರ್ಚಿನಲ್ಲಿ ಸಮ್ಮೇಳನಕ್ಕೆ ಹೋಗಿಬಂದ ವೈದ್ಯರಿಗೂ ಇದೇ ನಿಯಮ. ಬಳಗದ ಪ್ರಾಯೋಜಕರ ಪಟ್ಟಿಯೂ ಪ್ರತಿ ಸಂಚಿಕೆಯಲ್ಲಿ ಇರಲಿ.

‘ತಪ್ಪು ಕಂಡುಬಂದಲ್ಲಿ ತಿದ್ದಲಾಗುವುದು’ ಎಂಬ ಸಾಲನ್ನು ಮಾತ್ರ ಪೂರ್ತಿಯಾಗಿ ಬದಲಿಸಬೇಕೆಂದು ಒತ್ತಾಯಿಸುತ್ತೇನೆ. ಎಲ್ಲಿ, ಎಷ್ಟು ದಿನದೊಳಗೆ, ಯಾವ ಗಾತ್ರದ ಅಕ್ಷರದಲ್ಲಿ? ಮುಖಪುಟದಲ್ಲಿ ಬಂದ ತಪ್ಪಿಗೆ ಮುಖಪುಟದಲ್ಲೇ ತಿದ್ದುಪಡಿ ಬರಬೇಕು, ದಿನಾಂಕದೊಂದಿಗೆ, ಮೊದಲು ಏನಿತ್ತು ಎಂಬುದೂ ಕಾಣುವಂತೆ. ರಾತ್ರೋರಾತ್ರಿ ಸಾಲೊಂದನ್ನು ಅಳಿಸಿ ಏನೂ ನಡೆದಿಲ್ಲವೆಂಬಂತೆ ಕೂರುವುದಕ್ಕೆ ತಿದ್ದುಪಡಿಯೆಂಬ ಹೆಸರು ಸಲ್ಲದು.

ಇಷ್ಟೆಲ್ಲ ಕಟ್ಟುಪಾಡು ಹಾಕಿದರೆ ಲೇಖನಗಳೇ ಬರುವುದಿಲ್ಲ, ಸ್ವಯಂಸೇವಕರು ಓಡಿಹೋಗುತ್ತಾರೆ ಎಂಬ ಆತಂಕವನ್ನು ಮಿತ್ರರೊಬ್ಬರು ವ್ಯಕ್ತಪಡಿಸಿದರು. ಬರದಿದ್ದರೆ ಸಂಚಿಕೆ ತೆಳ್ಳಗಾಗಲಿ. ವರ್ಷಕ್ಕೆ ನಾಲ್ಕರ ಬದಲು ಎರಡೇ ಬರಲಿ. ದಡಾರದ ಬಗ್ಗೆ ಕನ್ನಡದಲ್ಲಿ ಏನೂ ಇಲ್ಲದಿದ್ದರೆ ತಾಯಿಯೊಬ್ಬಳು ನರ್ಸನ್ನು ಕೇಳಿಯಾಳು. ತಪ್ಪು ಬರಹವೊಂದಿದ್ದರೆ, ಅದೂ ತಾಯ್ನುಡಿಯಲ್ಲಿ, ಪರಿಚಿತರ ಹೆಸರಿನಲ್ಲಿದ್ದರೆ, ಆಕೆ ಕೇಳಲು ಹೋಗುವುದೇ ಇಲ್ಲ.

ಆರೋಗ್ಯ ವಿಷಯದ ಲೇಖನಗಳನ್ನು ಅಚ್ಚಿಗೆ ಮುನ್ನ ಓದಿಕೊಡುವ ಕೆಲಸವನ್ನು, ಸಂಪಾದಕ ಮಂಡಲಿ ಒಪ್ಪಿದರೆ, ನಾನು ವಹಿಸಿಕೊಳ್ಳಲು ಸಿದ್ಧ. ನನ್ನದೊಂದು ಷರತ್ತು: ನಾನು ಬರೆದದ್ದನ್ನು ಓದಿ ‘ಡಾಕ್ಟ್ರೇ, ಇದು ಆಗುವುದಿಲ್ಲ’ ಎಂದು ಹಿಂದಿರುಗಿಸಬಲ್ಲ ಇನ್ನೊಬ್ಬರನ್ನು ಮೊದಲು ನೇಮಿಸಬೇಕು. ಅವರು ನನ್ನ ಬಂಧುವೂ ಸ್ನೇಹಿತರೂ ಆಗಿರಬಾರದು.